ಮಂಗಳಯಾನದ ಪುಸ್ತಕಗಳು: ಆರಿಸುವುದು, ಓದುವುದು, ಶಿಫಾರಸು ಮಾಡುವುದು, ಚರ್ಚೆಗೆ ಕೂರುವುದು

"ಮಂಗಳ ಗ್ರಹದ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹೇಳಿ" ಎಂದವರಿಗೆ ಹತ್ತು ಹೆಸರು ಒಪ್ಪಿಸುವುದು ಸುಲಭ. ಆ ಹತ್ತರಲ್ಲಿ ಒಂದನ್ನು ತಂದವರು ಅರವತ್ತನೇ ಪುಟಕ್ಕೆ ಕೈಬಿಡುವುದೂ ಅಷ್ಟೇ ಸಾಮಾನ್ಯ. ಓದುಗರ ಬಳಗದಲ್ಲಿ ಚರ್ಚೆಗಿಟ್ಟರೂ ಅದೇ ಕಥೆ. ಹತ್ತು ನಿಮಿಷದೊಳಗೆ ಪುಸ್ತಕ ಮೂಲೆಗೆ ಸರಿದು, "ಮನುಷ್ಯ ಅಲ್ಲಿಗೆ ಹೋಗಬೇಕೋ ಬೇಡವೋ" ಎಂಬ ಜಗಳ ಶುರುವಾಗಿರುತ್ತದೆ. ಎರಡಕ್ಕೂ ಬಹುಪಾಲು ಕಾರಣ ಒಂದೇ: ಪುಸ್ತಕ ಯಾವ ಕಾಲದ ಮಾಹಿತಿಯ ಮೇಲೆ ನಿಂತಿದೆ ಎಂದು ಯಾರೂ ನೋಡಿರುವುದಿಲ್ಲ. ಹೊಸ ನೌಕೆಯೊಂದು ಮಂಗಳ ತಲುಪಿದಾಗೆಲ್ಲ ಹಿಂದಿನ ಪುಸ್ತಕಗಳ ಒಂದೆರಡು ಅಧ್ಯಾಯ ಹಳಸುತ್ತವೆ. ಎಲ್ಲ ಅಧ್ಯಾಯಗಳೂ ಒಟ್ಟಿಗೆ ಹಳಸುವುದಿಲ್ಲ, ಗೋಜಲು ಇರುವುದೇ ಅಲ್ಲಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ.

## ಶುರು ಮಾಡುವ ಮುನ್ನ ಕೈಗೆ ಎಟಕುವಂತಿರಬೇಕಾದವು

ಒಂದು ನಕ್ಷೆ, ಒಂದು ಕಾಲಪಟ್ಟಿ, ಒಂದು ಅಂಕಿಚೀಟಿ. ಇಷ್ಟು ಸಾಕು.

ನಕ್ಷೆ ಎತ್ತರ-ತಗ್ಗುಗಳನ್ನು ಬಣ್ಣದಲ್ಲಿ ತೋರಿಸುವಂಥದ್ದಾಗಿರಲಿ. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಲೇಸರ್‌ನಿಂದ ಅಳೆದ ಎತ್ತರಗಳ ಮೇಲೆ ಮಾಡಿದ ನಕ್ಷೆ ಎಲ್ಲಕ್ಕಿಂತ ಅನುಕೂಲ. ಅದನ್ನು ಬಳಸುವಾಗ ಒಂದು ಎಚ್ಚರಿಕೆ: ಹಳೆಯ ಪುಸ್ತಕಗಳು ರೇಖಾಂಶವನ್ನು ಪಶ್ಚಿಮಕ್ಕೆ ಎಣಿಸುತ್ತವೆ, ಈಗಿನ ನಕ್ಷೆಗಳು ಸಾಮಾನ್ಯವಾಗಿ ಪೂರ್ವಕ್ಕೆ 0ಯಿಂದ 360ರವರೆಗೆ ಎಣಿಸುತ್ತವೆ. ವೈಕಿಂಗ್-1 ನೌಕೆ ಇಳಿದ ಜಾಗ ಹಳೆಯ ಪುಸ್ತಕದಲ್ಲಿ ಸುಮಾರು 48 ಡಿಗ್ರಿ ಪಶ್ಚಿಮ ಎಂದಿರುತ್ತದೆ. ಅದನ್ನು ಹೊಸ ನಕ್ಷೆಯಲ್ಲಿ ಹುಡುಕಬೇಕಾದರೆ 360ರಲ್ಲಿ 48 ಕಳೆದು 312 ಡಿಗ್ರಿ ಪೂರ್ವಕ್ಕೆ ಹೋಗಬೇಕು. ಇದು ಗೊತ್ತಿಲ್ಲದೆ "ಪುಸ್ತಕದಲ್ಲಿ ತಪ್ಪಿದೆ" ಎಂದು ತೀರ್ಪು ಕೊಡುವವರು ಬಹಳ.

ಕಾಲಪಟ್ಟಿ ಒಂದೇ ಪುಟದ್ದು, ಮಂಗಳ ತಲುಪಿದ ಮುಖ್ಯ ನೌಕೆಗಳದು. 1965 ಮ್ಯಾರಿನರ್-4 ಹಾದುಹೋದದ್ದು, 1971 ಮ್ಯಾರಿನರ್-9 ಕಕ್ಷೆ ಸೇರಿದ್ದು, 1976 ಎರಡು ವೈಕಿಂಗ್‌ಗಳು, 1997 ಪಾತ್‌ಫೈಂಡರ್, 2004 ಸ್ಪಿರಿಟ್ ಮತ್ತು ಆಪರ್ಚುನಿಟಿ, 2008 ಫೀನಿಕ್ಸ್, 2012 ಕ್ಯೂರಿಯಾಸಿಟಿ, 2014 ಭಾರತದ ಮಂಗಳಯಾನ, 2018 ಇನ್‌ಸೈಟ್, 2021 ಪರ್ಸಿವಿಯರೆನ್ಸ್ ಮತ್ತು ಝುರಾಂಗ್. 1976 ಮತ್ತು 1997ರ ನಡುವಿನ ಖಾಲಿ ಜಾಗವನ್ನು ಪಟ್ಟಿಯಲ್ಲೂ ಖಾಲಿಯಾಗಿಯೇ ಬಿಡಿ. ಆ ಇಪ್ಪತ್ತು ವರ್ಷದಲ್ಲಿ ಮಂಗಳದ ನೆಲದಿಂದ ಹೊಸ ಇಳಿನೌಕೆ ಯಾವುದೂ ಸುದ್ದಿ ಕಳಿಸಲಿಲ್ಲ. ಅಂದಿನ ಪುಸ್ತಕಗಳೆಲ್ಲ ಒಂದೇ ಧಾಟಿಯಲ್ಲಿರುವುದು ಅದಕ್ಕೇ.

ಅಂಕಿಚೀಟಿಯಲ್ಲಿ ಇವಿಷ್ಟಿರಲಿ: ಮಂಗಳದ ಒಂದು ದಿನ, ಅಂದರೆ ಸೋಲ್, 24 ಗಂಟೆ 39 ನಿಮಿಷ 35 ಸೆಕೆಂಡ್. ವರ್ಷ 687 ಭೂದಿನ. ಗುರುತ್ವ ಭೂಮಿಯದರ ಶೇ. 38. ಸರಾಸರಿ ಗಾಳಿ ಒತ್ತಡ ಸುಮಾರು 6 ಮಿಲಿಬಾರ್; ಭೂಮಿಯಲ್ಲಿ ಸಮುದ್ರಮಟ್ಟದಲ್ಲಿ ಅದು 1013. ರೇಡಿಯೊ ಸಂದೇಶ ಒಂದು ಕಡೆಗೆ ತಲುಪಲು 3ರಿಂದ 22 ನಿಮಿಷ. ಹೊರಡಲು ಅನುಕೂಲದ ಸಮಯ ಬರುವುದು 26 ತಿಂಗಳಿಗೊಮ್ಮೆ.

## ಹಂತ 1: ಕೇಳುವವರಿಗೆ ಬೇಕಿರುವುದು ಯಾವ ಮಂಗಳ?

ಈ ವಿಷಯದ ಪುಸ್ತಕಗಳು ಒಂದೇ ಜಾತಿಯವಲ್ಲ. ಕೆಲವಕ್ಕೆ ಯಂತ್ರವೇ ನಾಯಕ: ನೌಕೆ ಕಟ್ಟಿದ್ದು, ಇಳಿಸಿದ್ದು, ನಡೆಸಿದ್ದು. ಕೆಲವಕ್ಕೆ ಕಲ್ಲು-ನೀರು-ಗಾಳಿ. ಇನ್ನು ಕೆಲವು ಮನುಷ್ಯನನ್ನು ಕಳಿಸುವ ಯೋಜನೆಗಳು, ಅಥವಾ ಆ ಯೋಜನೆಗಳ ವಿಮರ್ಶೆ. ಆಮೇಲೆ ಕಾದಂಬರಿಗಳು.

ಪುಸ್ತಕದ ಹೆಸರು ಹೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಕೊನೆಯ ಪುಟದವರೆಗೆ ಓದಿ ಮುಗಿಸಿದ ವಿಜ್ಞಾನದ ಪುಸ್ತಕ ಯಾವುದು? ಮಂಗಳ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಚಕ್ರಗಳ ಮೇಲೆ ಓಡಾಡುವ ರೋವರೋ, ಬಂಡೆಯೋ, ಅಂತರಿಕ್ಷದ ಉಡುಪು ತೊಟ್ಟ ಮನುಷ್ಯನೋ? ಮೊದಲ ಉತ್ತರದಿಂದ ಮಟ್ಟ ತಿಳಿಯುತ್ತದೆ, ಎರಡನೆಯದರಿಂದ ಜಾತಿ. "ಎಲ್ಲವೂ ಬೇಕು" ಎಂದವರಿಗೆ ಯಂತ್ರದ ಪುಸ್ತಕವನ್ನೇ ಕೊಡಿ. ಅದರಲ್ಲಿ ಘಟನೆಗಳು ದಿನಾಂಕದ ಕ್ರಮದಲ್ಲಿ ನಡೆಯುವುದರಿಂದ ಓದು ತಾನಾಗಿ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಇಲ್ಲಿ ಆಗುವ ತಪ್ಪು ಎಂದರೆ ತಮಗೆ ಇಷ್ಟವಾದದ್ದನ್ನೇ ಎಲ್ಲರಿಗೂ ದಾಟಿಸುವುದು. ಹೊಸಬರ ಕೈಗೆ ದಪ್ಪನೆಯ ಭೂವಿಜ್ಞಾನದ ಗ್ರಂಥ ಬಂದರೆ ಬಸಾಲ್ಟ್ ಮತ್ತು ಸಲ್ಫೇಟ್‌ಗಳ ನಡುವೆ ಆಸಕ್ತಿ ಬತ್ತಿಹೋಗುತ್ತದೆ.

## ಹಂತ 2: ಪುಸ್ತಕದ ನಿಜವಾದ ವಯಸ್ಸು ಪತ್ತೆ ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಮುಖಪುಟದ ಮೇಲಿನ ಅಥವಾ ಮಾರಾಟದ ಪುಟದಲ್ಲಿರುವ ವರ್ಷವನ್ನು ನಂಬಬೇಡಿ. ಮರುಮುದ್ರಣ, ಅನುವಾದ, ಹೊಸ ಹೊದಿಕೆ ಎಲ್ಲವೂ ಹೊಸ ವರ್ಷ ಹೊತ್ತು ಬರುತ್ತವೆ. ಒಳಗಿನ ಮಾಹಿತಿ ಹಳತೇ ಇರುತ್ತದೆ.

ಮೊದಲು ಹಕ್ಕುಸ್ವಾಮ್ಯದ ಪುಟ ತೆರೆದು ಮೂಲ ಪ್ರಕಟಣೆಯ ವರ್ಷ ನೋಡಿ. ಅನುವಾದವಾದರೆ ಮೂಲಭಾಷೆಯ ಯಾವ ಆವೃತ್ತಿಯಿಂದ ಬಂದಿದೆ ಎಂಬುದನ್ನೂ ನೋಡಿ. ಆಮೇಲೆ ಕೊನೆಯ ಪದಸೂಚಿಗೆ ಹೋಗಿ, ಕಾಲಪಟ್ಟಿಯ ಪ್ರಕಾರ ತೀರಾ ಈಚಿನ ನೌಕೆ ಯಾವುದು ಸಿಗುತ್ತದೆಂದು ಹುಡುಕಿ. ಆ ಹೆಸರು ಮುನ್ನುಡಿಯಲ್ಲಿ ಮಾತ್ರ ಇದ್ದು ಒಳ ಅಧ್ಯಾಯಗಳಲ್ಲಿ ಇಲ್ಲವೆಂದರೆ, "ಪರಿಷ್ಕೃತ ಆವೃತ್ತಿ" ಎಂಬುದಕ್ಕೆ ಮುನ್ನುಡಿ ಪರಿಷ್ಕಾರವಾಗಿದೆ ಎಂದಷ್ಟೇ ಅರ್ಥ.

ಇಷ್ಟರಿಂದ ತಿಳಿಯದಿದ್ದರೆ ಒಳಗಿನ ಗುರುತುಗಳನ್ನು ಹಿಡಿಯಬೇಕು.

ಗಾಳಿ ಒತ್ತಡ. 1965ಕ್ಕೂ ಮುಂಚೆ ಮಂಗಳದ ಒತ್ತಡ ಸುಮಾರು 85 ಮಿಲಿಬಾರ್ ಇರಬಹುದೆಂಬ ಲೆಕ್ಕ ಚಾಲ್ತಿಯಲ್ಲಿತ್ತು. ಮ್ಯಾರಿನರ್-4 ಗ್ರಹದ ಹಿಂದೆ ಮರೆಯಾಗುವಾಗ ಅದರ ರೇಡಿಯೊ ಅಲೆಗಳಲ್ಲಾದ ಬದಲಾವಣೆಯಿಂದ, ಒತ್ತಡ ಕೆಲವೇ ಮಿಲಿಬಾರ್ ಎಂದು ಗೊತ್ತಾಯಿತು. ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ 1952ರಲ್ಲಿ ಪ್ರಕಟಿಸಿದ ಮಂಗಳಯಾತ್ರೆಯ ಯೋಜನೆಯಲ್ಲಿ ಹತ್ತು ನೌಕೆ, ಎಪ್ಪತ್ತು ಜನ, ಇಳಿಯಲು ರೆಕ್ಕೆಗಳಿರುವ ಗ್ಲೈಡರ್‌ಗಳು. ರೆಕ್ಕೆ ಇದ್ದದ್ದು ಗಾಳಿ ದಟ್ಟವಾಗಿದೆ ಎಂಬ ನಂಬಿಕೆಯಿಂದ. ಅದನ್ನು ಇಂದು ಓದಬಾರದೆಂದಲ್ಲ. ಕಕ್ಷೆಯ ಲೆಕ್ಕ ಇಂದಿಗೂ ಓದಿಗೆ ಯೋಗ್ಯ, ಇಳಿಯುವ ಅಧ್ಯಾಯ ಮಾತ್ರ ಇತಿಹಾಸದ ಕಪಾಟಿಗೆ.

ವೈಕಿಂಗ್‌ನ ಜೀವಪರೀಕ್ಷೆ. ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. 1976ರಲ್ಲಿ ಮಣ್ಣಿಗೆ ಪೋಷಕ ದ್ರವ ಹನಿಸಿದಾಗ, ಅದರಲ್ಲಿದ್ದ ವಿಕಿರಣಶೀಲ ಇಂಗಾಲ ಅನಿಲವಾಗಿ ಹೊರಬಂತು. ಅದು ಜೀವ ಇರುವಂತೆ ಕಾಣುವ ಫಲಿತಾಂಶ. ಆದರೆ ಮಣ್ಣನ್ನು ಕಾಯಿಸಿ ನೋಡಿದ ಇನ್ನೊಂದು ಉಪಕರಣಕ್ಕೆ ಮಂಗಳದ್ದೇ ಎನ್ನಬಹುದಾದ ಸಾವಯವ ಅಣು ಸಿಗಲಿಲ್ಲ. ಸಿಕ್ಕ ಒಂದಿಷ್ಟು ಕ್ಲೋರಿನ್ ಸಂಯುಕ್ತಗಳನ್ನು ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಉಳಿಕೆ ಎಂದು ಬದಿಗಿಟ್ಟರು. 2008ರಲ್ಲಿ ಫೀನಿಕ್ಸ್ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಕಂಡಿತು. ಪರ್‌ಕ್ಲೋರೇಟ್ ಇರುವ ಮಣ್ಣನ್ನು ಕಾಯಿಸಿದರೆ ಸಾವಯವ ವಸ್ತು ಉರಿದುಹೋಗಿ ಇಂಥದೇ ಕ್ಲೋರಿನ್ ಸಂಯುಕ್ತಗಳು ಉಳಿಯಬಹುದು. ಹಾಗಾಗಿ ಹಳೆಯ ತೀರ್ಮಾನ ಮತ್ತೆ ಪ್ರಶ್ನೆಯಾಯಿತು. ಮುಂದೆ ಕ್ಯೂರಿಯಾಸಿಟಿ ಗೇಲ್ ಕುಳಿಯ ಪ್ರಾಚೀನ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳನ್ನು ಪತ್ತೆ ಮಾಡಿತು. ಅವು ಜೀವಿಗಳಿಂದಲೇ ಬಂದವು ಎಂದು ಅರ್ಥವಲ್ಲ.

ಈಗ ನಿಮ್ಮ ಪುಸ್ತಕದ ವೈಕಿಂಗ್ ಅಧ್ಯಾಯ ತೆರೆಯಿರಿ. "ಸಾವಯವ ಇಲ್ಲ, ಹಾಗಾಗಿ ಜೀವ ಇಲ್ಲ" ಎಂದು ಅಲ್ಲಿಗೇ ಮುಗಿದಿದ್ದರೆ ಅದು 2008ಕ್ಕೂ ಹಿಂದಿನದು, ಅಥವಾ ಲೇಖಕರು ಹಳೆಯ ಪುಸ್ತಕ ನೋಡಿ ಬರೆದದ್ದು. ಪರ್‌ಕ್ಲೋರೇಟ್ ಬಂದು ಗೇಲ್ ಕುಳಿಯ ಅಣುಗಳು ಬಾರದಿದ್ದರೆ ನಡುಕಾಲದ್ದು. ಎರಡೂ ಇದ್ದು, ಕೊನೆಗೆ "ಜೀವ ಸಿಕ್ಕಿತು" ಎಂದು ಕೂಗದಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಇಳಿಜಾರಿನ ಕಪ್ಪು ಗೆರೆಗಳು. ಬೆಚ್ಚನೆಯ ಋತುವಿನಲ್ಲಿ ಉದ್ದವಾಗುವ ಈ ಗೆರೆಗಳನ್ನು 2015ರಲ್ಲಿ ಉಪ್ಪುನೀರಿನ ಹರಿವಿಗೆ ಜೋಡಿಸಿದರು. 2017ರಲ್ಲಿ ಒಣ ಮರಳು ಜಾರಿದ್ದರಿಂದಲೂ ಹೀಗಾಗಬಹುದೆಂಬ ವಿವರಣೆ ಬಂತು. "ಇಂದಿಗೂ ನೀರು ಹರಿಯುತ್ತಿದೆ" ಎಂದು ಖಡಾಖಂಡಿತವಾಗಿ ಬರೆದ ಪುಸ್ತಕ ಬಹುಶಃ ಆ ಎರಡು ವರ್ಷಗಳ ನಡುವೆ ಸಿದ್ಧವಾದದ್ದು.

ಮಂಗಳದ ದೈತ್ಯ ಜ್ವಾಲಾಮುಖಿ ಒಲಿಂಪಸ್ ಮಾನ್ಸ್‌ನ ಎತ್ತರ ನೋಡಿ ಪುಸ್ತಕದ ವಯಸ್ಸು ಹೇಳುವ ಅಭ್ಯಾಸವೂ ಕೆಲವರಿಗಿದೆ. ನೆಚ್ಚಿಕೊಳ್ಳಬೇಡಿ. ಗ್ರಹದ ಆಧಾರಮಟ್ಟದಿಂದ ಅಳೆದರೆ ಸುಮಾರು 22 ಕಿ.ಮೀ., ಸುತ್ತಲ ಬಯಲಿನಿಂದ ಅಳೆದರೆ ಅದಕ್ಕಿಂತ ಹೆಚ್ಚು. ಎಲ್ಲಿಂದ ಅಳೆದದ್ದು ಎಂದು ಹೇಳದೆ ಅಂಕಿ ಕೊಡುವ ಹೊಸ ಪುಸ್ತಕಗಳೂ ಬೇಕಾದಷ್ಟಿವೆ.

## ಹಂತ 3: ನಡುವಿನಿಂದ ಇಪ್ಪತ್ತು ಪುಟ ಓದಿ ನೋಡಿ

ಮೊದಲ ಅಧ್ಯಾಯವನ್ನು ಎಲ್ಲ ಲೇಖಕರೂ ತಿದ್ದಿ ತೀಡಿರುತ್ತಾರೆ. ಆದ್ದರಿಂದ ನೌಕೆ ನೆಲಕ್ಕಿಳಿಯುವ ಭಾಗವನ್ನು ತೆರೆಯಿರಿ. ಮಂಗಳದ ಗಾಳಿ ನೌಕೆಯನ್ನು ಸುಡುವಷ್ಟು ದಟ್ಟ, ನಿಲ್ಲಿಸುವಷ್ಟು ದಟ್ಟವಲ್ಲ. ಈ ಒಂದು ಮಾತು ಓದುಗರಿಗೆ ದಾಟಿದೆಯೇ ನೋಡಿ. ಪರ್ಸಿವಿಯರೆನ್ಸ್ ಗಂಟೆಗೆ ಸುಮಾರು 19,500 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕಿತು. ಶಾಖಕವಚ, ಆಮೇಲೆ 21.5 ಮೀಟರ್ ಅಗಲದ ಪ್ಯಾರಾಚೂಟ್. ಇಷ್ಟಾದರೂ ವೇಗ ಗಂಟೆಗೆ 320 ಕಿ.ಮೀ. ಆಸುಪಾಸಿನಲ್ಲೇ ಇತ್ತು. ಅಲ್ಲಿಂದ ಮುಂದೆ ರಾಕೆಟ್‌ಗಳೇ ಗತಿ, ಕೊನೆಗೆ ಹಗ್ಗದಲ್ಲಿ ಇಳಿಬಿಟ್ಟದ್ದು. ಪಾತ್‌ಫೈಂಡರ್‌ಗೆ ಗಾಳಿಚೀಲ ಸಾಕಾಯಿತು, ಒಂದು ಟನ್ ತೂಗುವ ರೋವರ್‌ಗೆ ಏಕೆ ಸಾಲದು ಎಂದು ಪುಸ್ತಕ ವಿವರಿಸಿದ್ದರೆ ಬರೆದವರಿಗೆ ವಿಷಯ ಗೊತ್ತು. "ಪವಾಡಸದೃಶವಾಗಿ ಇಳಿಯಿತು" ಎಂದು ಒಂದೇ ಸಾಲಿಗೆ ಮುಗಿಸಿದ್ದರೆ ಕೆಳಗಿಡಿ.

ಎರಡನೇ ಪರೀಕ್ಷೆ ಸೋಲಿನ ಅಧ್ಯಾಯ. 1999ರ ಸೆಪ್ಟೆಂಬರ್‌ನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದನ್ನು "ಮೈಲಿ-ಕಿಲೋಮೀಟರ್ ಗೊಂದಲ" ಎಂದು ಬರೆದಿದ್ದರೆ ಅದು ಬಾಯಿಂದ ಬಾಯಿಗೆ ಬಂದ ಕಥೆ. ಗೊಂದಲವಾದದ್ದು ನೂಕುಬಲದ ಲೆಕ್ಕದಲ್ಲಿ: ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಬಲದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡ ನ್ಯೂಟನ್ ಎಂದು ಓದಿತು, 4.45 ಪಟ್ಟು ವ್ಯತ್ಯಾಸ. ಉತ್ತಮ ಪುಸ್ತಕ ಅಲ್ಲಿಗೂ ನಿಲ್ಲುವುದಿಲ್ಲ. ಒಂಬತ್ತು ತಿಂಗಳ ಪಯಣದಲ್ಲಿ ಆ ತಪ್ಪು ಏಕೆ ಸಿಕ್ಕಿಬೀಳಲಿಲ್ಲ ಎಂದು ಕೇಳುತ್ತದೆ.

## ಹಂತ 4: ಓದುವ ಕ್ರಮ ಗೊತ್ತುಮಾಡಿ

ಒಂದೇ ಪುಸ್ತಕ ಓದಿ ನಿಲ್ಲಿಸುವವರಿಗೆ ಈ ಹಂತ ಬೇಡ. ಮೂರು-ನಾಲ್ಕು ಓದುವವರು ರೋವರ್‌ನಿಂದ ಶುರುಮಾಡಿ. ಸ್ಪಿರಿಟ್ ಮತ್ತು ಆಪರ್ಚುನಿಟಿಯ ವಿಜ್ಞಾನ ತಂಡದ ಮುಖ್ಯಸ್ಥ ಸ್ಟೀವ್ ಸ್ಕ್ವೈರ್ಸ್ ಬರೆದ 'ರೋವಿಂಗ್ ಮಾರ್ಸ್' ಇದಕ್ಕೆ ತಕ್ಕದ್ದು. ಅದು ಬಂದದ್ದು 2005ರಲ್ಲಿ, ಎರಡೂ ರೋವರ್ ಇನ್ನೂ ಓಡುತ್ತಿದ್ದಾಗ. 90 ಸೋಲ್‌ಗೆಂದು ಕಳಿಸಿದ ಆಪರ್ಚುನಿಟಿ 2018ರ ಜೂನ್‌ವರೆಗೆ ನಡೆದು 45 ಕಿ.ಮೀ. ದಾಟಿತು ಎಂಬುದನ್ನು ಶಿಫಾರಸು ಮಾಡುವವರೇ ಸೇರಿಸಿ ಹೇಳಬೇಕು.

ಆಮೇಲೆ ನೀರು-ಬಂಡೆ-ಹವೆಯ ಕುರಿತ ಒಂದು ಪುಸ್ತಕ, 2017ರ ಈಚಿನದು. ಮೂರನೆಯದಾಗಿ ಮನುಷ್ಯಯಾನದ ಯೋಜನೆ. ಇದನ್ನು ಒಂಟಿಯಾಗಿ ಓದಬೇಡಿ, ಜೋಡಿಯಾಗಿ ಓದಿ. ರಾಬರ್ಟ್ ಝುಬ್ರಿನ್ ಅವರ 'ದಿ ಕೇಸ್ ಫಾರ್ ಮಾರ್ಸ್' 1996ರದು, 2011ರಲ್ಲಿ ಪರಿಷ್ಕಾರವಾಯಿತು. ಹೋಗೋಣ ಎಂಬ ಪಕ್ಷ. ಕೆಲ್ಲಿ ಮತ್ತು ಝ್ಯಾಕ್ ವೈನರ್‌ಸ್ಮಿತ್ ಅವರ 'ಎ ಸಿಟಿ ಆನ್ ಮಾರ್ಸ್' 2023ರದು, ಇಷ್ಟು ಬೇಗ ನೆಲೆಸುವ ಮಾತೇಕೆ ಎಂಬ ಪಕ್ಷ. ಮೊದಲನೆಯದನ್ನು ಮೊದಲು ಓದಿ. ವಾದ ಗೊತ್ತಿಲ್ಲದೆ ಪ್ರತಿವಾದ ಓದಿದರೆ ಎರಡೂ ದಕ್ಕುವುದಿಲ್ಲ.

ಕಾದಂಬರಿಯನ್ನು ಎಲ್ಲಿ ಬೇಕಾದರೂ ಸೇರಿಸಿಕೊಳ್ಳಬಹುದು. ಮಾಹಿತಿಗೆ ಅದನ್ನೇ ಆಧಾರ ಮಾಡಿಕೊಳ್ಳದಿದ್ದರೆ ಸಾಕು.

## ಹಂತ 5: ಓದುವಾಗಲೇ ಅಂಚಿನಲ್ಲಿ ಗುರುತು ಹಾಕಿ

ಮೂರೇ ಗುರುತು: 'ಅಳೆದದ್ದು', 'ಊಹಿಸಿದ್ದು', 'ಯೋಜಿಸಿದ್ದು'. ಯಾನದ ಪುಸ್ತಕಗಳಲ್ಲಿ ಈ ಮೂರೂ ಒಂದೇ ಪ್ಯಾರಾದಲ್ಲಿ ಬೆರೆತಿರುತ್ತವೆ, ಬೇರ್ಪಡಿಸುವ ಕೆಲಸ ಓದುಗರದು.

ಆಮ್ಲಜನಕದ ಉದಾಹರಣೆ ತೆಗೆದುಕೊಳ್ಳಿ. ಝುಬ್ರಿನ್ ಯೋಜನೆಯಲ್ಲಿ ಭೂಮಿಯಿಂದ 6 ಟನ್ ಜಲಜನಕ ಒಯ್ದು, ಮಂಗಳದ ಗಾಳಿಯ ಇಂಗಾಲದ ಡೈಆಕ್ಸೈಡ್ ಬಳಸಿ 108 ಟನ್ ಮೀಥೇನ್ ಮತ್ತು ಆಮ್ಲಜನಕ ತಯಾರಿಸುವ ಲೆಕ್ಕವಿದೆ. ಇದು 'ಯೋಜಿಸಿದ್ದು'. ಪರ್ಸಿವಿಯರೆನ್ಸ್‌ನಲ್ಲಿದ್ದ ಮಾಕ್ಸಿ ಉಪಕರಣ 2021ರಿಂದ 2023ರವರೆಗೆ ಹದಿನಾರು ಬಾರಿ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಇದು 'ಅಳೆದದ್ದು'. ನಾಲ್ವರನ್ನು ಮಂಗಳದ ನೆಲದಿಂದ ಮೇಲೆತ್ತಲು ಸುಮಾರು 25 ಟನ್ ಆಮ್ಲಜನಕ ಬೇಕೆಂಬ ಅಂದಾಜಿದೆ, ಅಂದರೆ ಅದರ ಎರಡು ಲಕ್ಷ ಪಟ್ಟು. ಉಪಕರಣ ಸೋತಿತೆಂದು ಇದರರ್ಥವಲ್ಲ. ಅದು ಪರೀಕ್ಷೆಗೆಂದೇ ಕಟ್ಟಿದ ಪುಟ್ಟ ಪೆಟ್ಟಿಗೆ. ಅಳೆದದ್ದಕ್ಕೂ ಯೋಜಿಸಿದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಗೊತ್ತಿರಬೇಕು, ಅಷ್ಟೆ.

ವಿಕಿರಣಕ್ಕೂ ಇದೇ ವಿಧಾನ. ಕ್ಯೂರಿಯಾಸಿಟಿ ಪಯಣದಲ್ಲಿ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆಮಾನ) ಅಳೆಯಿತು, ನೆಲದ ಮೇಲೆ ಸುಮಾರು 0.7. 180 ದಿನದ ಪಯಣಕ್ಕೆ ಗುಣಿಸಿ: ಒಂದು ಕಡೆಗೆ 320ರ ಆಸುಪಾಸು. 2013ಕ್ಕೂ ಮೊದಲಿನ ಪುಸ್ತಕದ ವಿಕಿರಣ ಅಧ್ಯಾಯಕ್ಕೆಲ್ಲ 'ಊಹಿಸಿದ್ದು' ಎಂದೇ ಗುರುತು ಹಾಕಬಹುದು.

ದಿನಾಂಕದಲ್ಲಿ ಒಂದು ದಿನ ಹಿಂದುಮುಂದಾದರೆ ಗಾಬರಿ ಬೇಡ. ಕ್ಯೂರಿಯಾಸಿಟಿ ಇಳಿದದ್ದು ವಿಶ್ವಮಾನ್ಯ ಸಮಯದಲ್ಲಿ 2012ರ ಆಗಸ್ಟ್ 6, ನಿಯಂತ್ರಣ ಕೇಂದ್ರವಿದ್ದ ಕ್ಯಾಲಿಫೋರ್ನಿಯಾದಲ್ಲಿ ಆಗ ಇನ್ನೂ 5. ಎರಡೂ ಸರಿ.

## ಹಂತ 6: ಶಿಫಾರಸು ಬರೆಯುವುದು

ನಾಲ್ಕು ವಾಕ್ಯ ಸಾಕು: ಯಾರಿಗೆ, ಯಾವ ಕಾಲದ ಮಾಹಿತಿ, ಯಾವ ಅಧ್ಯಾಯ ಗಟ್ಟಿ, ಯಾವ ಅಧ್ಯಾಯ ಹಳಸಿದೆ. ನಾಲ್ಕನೆಯ ವಾಕ್ಯವನ್ನು ಹೆಚ್ಚಿನವರು ನುಂಗಿಬಿಡುತ್ತಾರೆ, ಓದುಗರಿಗೆ ಅತಿ ಹೆಚ್ಚು ಉಪಯೋಗವಾಗುವುದು ಅದೇ. ಮಾದರಿಗೆ: "ಗಣಿತ ಬೇಡ, ಕಥೆಯಂತಿರಲಿ ಎನ್ನುವವರಿಗೆ. 2005ರವರೆಗಿನ ಮಾಹಿತಿ. ರೋವರ್ ಕಟ್ಟುವಾಗ ಗಾಳಿಚೀಲ ಮತ್ತು ಪ್ಯಾರಾಚೂಟ್ ಹರಿದ ಪ್ರಸಂಗಗಳನ್ನು ಬಿಡದೆ ಓದಿ. ಆಮೇಲಿನ ಹದಿಮೂರು ವರ್ಷದ ಓಟ ಇದರಲ್ಲಿಲ್ಲ, ಅದನ್ನು ಬೇರೆ ಕಡೆ ನೋಡಿಕೊಳ್ಳಿ."

"ಅದ್ಭುತ", "ಓದಲೇಬೇಕಾದದ್ದು", "ಕಣ್ಣು ತೆರೆಸುವ" ಎಂಬ ಮಾತುಗಳನ್ನು ಹೊಡೆದುಹಾಕಿ ನೋಡಿ. ಶಿಫಾರಸಿನಲ್ಲಿ ಏನೂ ಉಳಿಯದಿದ್ದರೆ ಪುಸ್ತಕವನ್ನು ಇನ್ನೊಮ್ಮೆ ತೆರೆಯಬೇಕು.

## ಹಂತ 7: ಚರ್ಚೆ ನಡೆಸುವುದು

ಆರರಿಂದ ಹತ್ತು ಜನ, ಒಂದೂವರೆ ಗಂಟೆ. ಇಡೀ ಪುಸ್ತಕ ಬೇಡ, ಎರಡು ಅಧ್ಯಾಯ ಗೊತ್ತುಮಾಡಿ ವಾರ ಮೊದಲೇ ತಿಳಿಸಿ. ನಕ್ಷೆ ಮತ್ತು ಅಂಕಿಚೀಟಿ ಎಲ್ಲರ ಮುಂದಿರಲಿ.

ಮೊದಲ ಅರ್ಧ ಗಂಟೆ ಪುಸ್ತಕ ಏನು ಹೇಳುತ್ತದೆ ಎಂಬುದಕ್ಕೆ ಮಾತ್ರ. ಒಪ್ಪುವುದು-ಬಿಡುವುದು ಆಮೇಲೆ. "ಹೋಗಬೇಕೋ ಬೇಡವೋ" ಎಂಬ ಪ್ರಶ್ನೆಯನ್ನು ಕೊನೆಯ ಹದಿನೈದು ನಿಮಿಷಕ್ಕೆ ಎತ್ತಿಡಿ, ಅದನ್ನು ಶುರುವಿನಲ್ಲೇ ಘೋಷಿಸಿ. ಹಾಗೆ ಹೇಳದಿದ್ದರೆ ಚರ್ಚೆ ಹಳಿ ತಪ್ಪುವುದು ಖಂಡಿತ.

ನಡುವಿನ ಹೊತ್ತಿಗೆ ಎಲ್ಲರೂ ಸೇರಿ ಮಾಡುವ ಒಂದು ಲೆಕ್ಕ ಇಟ್ಟುಕೊಳ್ಳಿ. ಆಂಡಿ ವೀರ್ ಅವರ 'ದಿ ಮಾರ್ಷಿಯನ್' ಕಾದಂಬರಿ ಆರಿಸಿದ್ದರೆ, ರಾಕೆಟ್ ಉರುಳಿಸುವಂತೆ ಬೀಸಿ ಕಥೆ ಆರಂಭಿಸುವ ಬಿರುಗಾಳಿಯನ್ನೇ ತೆಗೆದುಕೊಳ್ಳಿ. ಗಾಳಿ ದೂಡುವ ಬಲ ಅದರ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಇರುತ್ತದೆ. ಮಂಗಳದ ನೆಲದ ಬಳಿ ಗಾಳಿಯ ಸಾಂದ್ರತೆ ಘನಮೀಟರ್‌ಗೆ ಸುಮಾರು 0.02 ಕೆ.ಜಿ., ಭೂಮಿಯಲ್ಲಿ 1.225; ಅಂದರೆ ಶೇ. 1.6. ಅದರ ವರ್ಗಮೂಲ ಸುಮಾರು 0.13. ಹಾಗಾಗಿ ಅಲ್ಲಿ ಗಂಟೆಗೆ 100 ಕಿ.ಮೀ. ಬೀಸುವ ಗಾಳಿ ಇಲ್ಲಿ 13 ಕಿ.ಮೀ. ಬೀಸಿದಷ್ಟೇ ದೂಡುತ್ತದೆ. ರಾಕೆಟ್ ಉರುಳುವುದಿರಲಿ, ಟೋಪಿಯೂ ಹಾರದು. ಲೇಖಕರೂ ಇದನ್ನು ಗೊತ್ತಿದ್ದೇ ಬಳಸಿದ್ದಾಗಿ ಒಪ್ಪಿದ್ದಾರೆ. ಇಲ್ಲಿಗೆ ನಿಲ್ಲಿಸಬೇಡಿ. ಧೂಳಿನ ಬಿರುಗಾಳಿಯ ನಿಜವಾದ ಅಪಾಯ ಏನು ಎಂದು ಕೇಳಿ. ಬೆಳಕು ಮರೆಯಾಗುವುದು. 2018ರಲ್ಲಿ ಸೌರಫಲಕದ ಆಪರ್ಚುನಿಟಿ ಮೌನವಾದದ್ದು ಹಾಗೆಯೇ. ಅದೇ ಬಿರುಗಾಳಿಯಲ್ಲಿ ಪರಮಾಣು ಬ್ಯಾಟರಿಯ ಕ್ಯೂರಿಯಾಸಿಟಿ ಕೆಲಸ ಮುಂದುವರಿಸಿತು.

ಯಾರಾದರೂ "ಎಲ್ಲೋ ಓದಿದ್ದೆ" ಎಂದರೆ ವಾದಕ್ಕಿಳಿಯದೆ ಚೀಟಿಯಲ್ಲಿ ಬರೆದಿಡಿ, ಮುಂದಿನ ಸಲ ಆಧಾರದೊಂದಿಗೆ ತರಲು ಹೇಳಿ. ಸಭೆ ಉಳಿಯುವುದು ಇದರಿಂದ.

## ಕೂಡಲೇ ಎಚ್ಚೆತ್ತುಕೊಳ್ಳಬೇಕಾದ ಗುರುತುಗಳು

ಮಂಗಳದ ಸಿಡೋನಿಯಾ ಪ್ರದೇಶದಲ್ಲಿ ಮನುಷ್ಯನ ಮುಖದಂತೆ ಕಂಡ "ಮುಖ"ವನ್ನು ಇನ್ನೂ ರಹಸ್ಯ ಎಂದು ಬರೆದಿದ್ದರೆ ಪುಸ್ತಕ ಮುಚ್ಚಿ. 1976ರ ಮಸುಕು ಚಿತ್ರಕ್ಕೆ 1998 ಮತ್ತು 2001ರ ಸ್ಪಷ್ಟ ಚಿತ್ರಗಳು ಉತ್ತರ ಕೊಟ್ಟಿವೆ, ಅದೊಂದು ಗುಡ್ಡ.

ಮೊದಲ ಯತ್ನದಲ್ಲೇ ಕಕ್ಷೆ ಸೇರಿದವರು ಒಬ್ಬರೇ ಎಂಬ ಸಾಲು ಕಂಡರೆ ತಾಳೆ ನೋಡಿ. ಐರೋಪ್ಯ ಸಂಸ್ಥೆಯ ಮಾರ್ಸ್ ಎಕ್ಸ್‌ಪ್ರೆಸ್ 2003ರಲ್ಲಿ, ಭಾರತದ ಮಂಗಳಯಾನ 2014ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್‌ನ ಹೋಪ್ 2021ರಲ್ಲಿ, ಮೂವರೂ ಮೊದಲ ಯತ್ನದಲ್ಲೇ ಸೇರಿದವರು. ಒಂದೇ ದೇಶವೋ, ಹಲವು ದೇಶಗಳ ಒಕ್ಕೂಟವೋ ಎಂಬ ಷರತ್ತು ಬಿಟ್ಟುಹೋದಾಗ ಈ ಸಾಲು ತಪ್ಪಾಗುತ್ತದೆ; 2021ರ ನಂತರ ಷರತ್ತಿದ್ದರೂ ತಪ್ಪೇ.

ಮಣ್ಣಿನಲ್ಲಿ ಬೆಳೆ ತೆಗೆಯುವ ಅಧ್ಯಾಯದಲ್ಲಿ ಮನುಷ್ಯರಿಗೆ ವಿಷವಾದ ಪರ್‌ಕ್ಲೋರೇಟ್ ಎಂಬ ಪದವೇ ಇಲ್ಲದಿದ್ದರೆ, ದಕ್ಷಿಣ ಧ್ರುವದ ಹಿಮದಡಿ ಇದೆ ಎನ್ನಲಾದ ಸರೋವರವನ್ನು ಚರ್ಚೆಯೇ ಇಲ್ಲದ ಸತ್ಯದಂತೆ ಹೇಳಿದ್ದರೆ, ಮನುಷ್ಯಯಾನದ ವೇಳಾಪಟ್ಟಿಯಲ್ಲಿ 26 ತಿಂಗಳ ಲೆಕ್ಕಕ್ಕೆ ಕೂಡದ ವರ್ಷಗಳಿದ್ದರೆ ಆ ಭಾಗಗಳನ್ನು ಶಿಫಾರಸಿನಿಂದ ಹೊರಗಿಡಿ. ಇಡೀ ಪುಸ್ತಕವನ್ನು ತಳ್ಳಿಹಾಕಬೇಕಾಗಿಲ್ಲ. ಪುಟಸಂಖ್ಯೆ ಸಹಿತ "ಇದನ್ನು ಬಿಟ್ಟು ಓದಿ" ಎಂದು ಬರೆದುಕೊಟ್ಟರೆ ಮುಂದಿನವರಿಗೆ ಅದೇ ಪುಸ್ತಕ ಸಲೀಸಾಗುತ್ತದೆ.